ಮುಂಗಾರಿಗೆ ಮೊದಲು ಮೋರಿ ಬಾಯಿ ಬಿಡಿಸೋಣ. ಮಡಿಕೇರಿ, ಕುಶಾಲನಗರ ಕಡೆಯವರು ದಯವಿಟ್ಟು ಬನ್ನಿ

ಇಳಿಜಾರಿನ ಮನೆ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ.

ನಮ್ಮ ಬೀದಿ ಮೇಲಿಂದ ನೆಟ್ಟಗೆ ಇಳಿದು ಬರುತ್ತದೆ. ಎಲ್ಲಿ ಸಮ ಆಗುತ್ತದೋ ಅಲ್ಲೊಂದು ಮೋರಿ, ಮೋರಿ ಪಕ್ಕ ನಮ್ಮ ಮನೆ. ಕಳೆದ ಮಂಗಳವಾರ ಸಾಯಂಕಾಲ ಗುಡುಗು ಮಳೆ ಬಂತಲ್ಲ, ಅರ್ಧ ಗಂಟೆಗೆ ಮೋರಿ ಕಟ್ಟಿಕೊಂಡಿತು. ನೀರು ರಸ್ತೆ ಮೇಲೆ ಹರಿದು ಪಕ್ಕದ ಮನೆ ಅಜ್ಜಿಯ ಅಡುಗೆಮನೆಗೆ ನುಗ್ಗಿತು. ನಾವು ಓಡಿ ಹೋಗುವಷ್ಟರಲ್ಲಿ ಅವರು ಅಕ್ಕಿ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆ ಮೇಲೆ ಕೂತಿದ್ದರು. ಕೆಳಗೆ ಕಪ್ಪು ನೀರು.

ದೋಟಿ ತಂದು ಮೋರಿ ಬಾಯಿಂದ ಎಳೆದೆವು. ಹಾಲಿನ ಕವರ್, ಚಿಪ್ಸ್ ಪ್ಯಾಕೆಟ್, ಪಾನ್ ಮಸಾಲ ಸ್ಯಾಷೆ, ನೀರಿನ ಬಾಟಲಿ. ಒಂದು ಡೈಪರ್ ನೀರು ಕುಡಿದು ದಿಂಬಿನ ಹಾಗೆ ಊದಿತ್ತು. ಇವೆಲ್ಲ ಸುಮ್ನೆ ಹರಿದು ಹೋಗುತ್ತಿತ್ತೋ ಏನೋ. ಆದರೆ ಮೋರಿ ಒಳಗೆ ನೀರಿನ ಪೈಪ್ ಒಂದು ಅಡ್ಡ ಹೋಗಿದೆ. ಮೊದಲ ಕವರ್ ಅದಕ್ಕೆ ಸುತ್ತಿಕೊಂಡಿದೆ, ಹಿಂದೆ ಬಂದದ್ದೆಲ್ಲ ಅದಕ್ಕೆ ಅಂಟಿಕೊಂಡಿದೆ, ಮೇಲೆ ಕೆಂಪು ಮಣ್ಣು ಕೂತಿದೆ. ಅಣೆಕಟ್ಟು ಕಟ್ಟಿದ ಹಾಗೇ ಆಗಿತ್ತು.

ಕಸ ತೆಗೆದ ತಕ್ಷಣ ನೀರು ಗುಳುಗುಳು ಅಂತ ಇಳಿಯಿತು. ಎಲ್ಲರಿಗೂ ಸಮಾಧಾನ. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ. ಇಳಿದದ್ದು ಎಲ್ಲಿಗೆ? ಮಳೆ ನೀರಿನ ಚರಂಡಿಗೆ ಮುಂದೆ ಎಲ್ಲೂ ಶುದ್ಧ ಮಾಡುವ ಘಟಕ ಇರುವುದಿಲ್ಲ. ಚರಂಡಿಯಿಂದ ತೋಡು, ತೋಡಿನಿಂದ ಅಬ್ಬಿ ಜಲಪಾತದ ಹೊಳೆ, ಅಲ್ಲಿಂದ ಹಾರಂಗಿ. ಹಾರಂಗಿ ಕೂಡಿಗೆ ಹತ್ತಿರ ಕಾವೇರಿ ಸೇರುತ್ತದೆ. ನಾವು ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತಂದು ದೇವರ ಮುಂದೆ ಇಡುತ್ತೇವೆ. ಅದೇ ಕಾವೇರಿಗೆ ನಮ್ಮ ಬೀದಿಯಿಂದ ಇದೂ ಹೋಗುತ್ತಿದೆ.

ಮೃಗಶಿರಾ ಮಳೆ ಶುರುವಾಗಲು ಇನ್ನು ಮೂರು ಭಾನುವಾರ ಇದೆ. ಆಮೇಲೆ ಆರಿದ್ರಾ, ಪುನರ್ವಸು ಬಂದರೆ ಚರಂಡಿಗೆ ಇಳಿಯುವ ಮಾತೇ ಇಲ್ಲ. ಬೇಸಿಗೆ ಪೂರ್ತಿ ರಸ್ತೆಬದಿ ಬಿದ್ದ ಕಸವನ್ನು ಮೊದಲ ಎರಡು ಮೂರು ಮಳೆಯೇ ಒಟ್ಟಿಗೆ ಗುಡಿಸಿಕೊಂಡು ಹೋಗುವುದು. ಅದಕ್ಕೇ ಈಗಲೇ ಕೇಳುತ್ತಿದ್ದೇನೆ. ಹೊಳೆ ದಂಡೆಗೆ ಹೋಗಿ ಹೆಕ್ಕುವುದಕ್ಕಿಂತ ನಮ್ಮ ನಮ್ಮ ಬೀದಿಯ ಮೋರಿ ಹತ್ತಿರವೇ ಹಿಡಿದುಬಿಡೋಣ ಅಲ್ವಾ? ಯಾರು ಬರುತ್ತೀರಿ?

ಹೊಳೆದಂಡೆಯವಳು, ಕುಶಾಲನಗರ

ನಾನು ಬರುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ ಅಣ್ಣ.

2018ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ನಮ್ಮ ಬಡಾವಣೆಗೆ ಹೊಳೆ ಬಂತು. ಎರಡು ಸಲವೂ ಮನೆ ಬಿಟ್ಟು ಹೋದೆವು. ಆ ನೀರು ಕಸದಿಂದ ಬಂದದ್ದಲ್ಲ. ಬೆಟ್ಟದಲ್ಲಿ ಸುರಿದ ಮಳೆ ಅದು. ಕಾವೇರಿ ಮಟ್ಟ ಏರಿದಾಗ ಚರಂಡಿ ನೀರು ಹೊಳೆಗೆ ಹೋಗುವ ಬದಲು ಹೊಳೆ ನೀರೇ ಚರಂಡಿ ಒಳಗಿಂದ ಹಿಂದೆ ಬರುತ್ತದೆ. ಆದ್ದರಿಂದ ಮೋರಿ ಬಿಡಿಸಿದರೆ ಪ್ರವಾಹ ನಿಲ್ಲುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ. ನಾಳೆ ಹೊಳೆ ಬಂದರೆ ಜನ ನಂಬಿಕೆ ಕಳೆದುಕೊಳ್ಳುತ್ತಾರೆ.

ಆದರೆ ನೀರು ಇಳಿದ ಮೇಲಿನ ಕಥೆ ಕೇಳಿ. ಹೊಳೆ ಎರಡು ದಿನದಲ್ಲಿ ಇಳಿಯಿತು. ನಮ್ಮ ಬೀದಿಯ ನೀರು ಮಾತ್ರ ಇಳಿಯಲಿಲ್ಲ. ಚರಂಡಿ ತುಂಬ ಕಸ, ಹೂಳು. ಮನೆಯೊಳಗಿನ ಕೆಸರು ತೊಳೆಯಲು ನೀರು ಹಾಕಿದರೆ ಅದೂ ಹೋಗುತ್ತಿರಲಿಲ್ಲ. ತಂತಿ ಬೇಲಿಯಲ್ಲಿ ನನ್ನ ಎದೆಮಟ್ಟಕ್ಕೆ ಕವರ್‌ಗಳು ಒಣಗಲು ಹಾಕಿದ ಬಟ್ಟೆಯ ಹಾಗೆ ನೇತಾಡುತ್ತಿದ್ದವು. ಯಾವ ಊರಿನ ಕವರೋ. ಕೆಲವು ನೀವು ಮೇಲಿನವರು ಕಳಿಸಿದ್ದು ಅಂತ ಅವತ್ತು ಅನಿಸಿತ್ತು. ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕೆಳಗೂ ಊರುಗಳಿವೆ, ಅವರಿಗೂ ನಮ್ಮ ಮೇಲೆ ಹಾಗೇ ಅನಿಸಿರುತ್ತದೆ.

ಇಳಿಜಾರಿನ ಮನೆ

ಬೇಜಾರು ಇಲ್ಲ ಅಕ್ಕ, ನಿಜವನ್ನೇ ಹೇಳಿದಿರಿ. ಪ್ರವಾಹದ ಮಾತು ಎಲ್ಲೂ ಆಡುವುದಿಲ್ಲ.

ಸೈಟ್ ಕೆಲಸದವ

ನಾನು ಸಿವಿಲ್ ಕಂಟ್ರಾಕ್ಟರ್. ರಸ್ತೆ, ಚರಂಡಿ ಕೆಲಸ ಸುಮಾರು ವರ್ಷದಿಂದ ಮಾಡುತ್ತಿದ್ದೇನೆ.

ಲೆಕ್ಕ ಸುಲಭ ಇದೆ. 1 ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 200 ಮೀಟರ್ ಉದ್ದ, 6 ಮೀಟರ್ ಅಗಲದ ಒಂದು ಬೀದಿ ತಗೊಳ್ಳಿ. ಗಂಟೆಗೆ 50 ಮಿ.ಮೀ. ಬಿದ್ದರೆ ರಸ್ತೆಯಿಂದ ಮಾತ್ರ 60,000 ಲೀಟರ್. 12,000 ಲೀಟರಿನ 5 ಟ್ಯಾಂಕರ್‌ಗಳನ್ನು ಒಂದು ಗಂಟೆಯಲ್ಲಿ ಒಂದೇ ಮೋರಿಗೆ ಬಗ್ಗಿಸಿದ ಹಾಗೆ. ಮನೆಗಳ ಸೂರಿನ ನೀರು, ಮೇಲಿನ ಗುಡ್ಡದ ನೀರು ಬೇರೆ. ಪೈಪ್ ಮೋರಿಯಲ್ಲಿ ಅರ್ಧ ಹೂಳು ತುಂಬಿದ್ದರೆ ಅರ್ಧ ನೀರಾದರೂ ಹೋಗುತ್ತದೆ ಅಂದುಕೊಳ್ಳುತ್ತಾರೆ. ಅರ್ಧಕ್ಕಿಂತಲೂ ಕಡಿಮೆ ಹೋಗುತ್ತದೆ. ಜಾಗವೂ ಕಡಿಮೆ, ಹೂಳಿನ ಮೇಲೆ ನೀರು ಉಜ್ಜಿಕೊಂಡು ಹೋಗುವುದರಿಂದ ವೇಗವೂ ಕಡಿಮೆ.

ನಮ್ಮದು ಬೆಟ್ಟದ ಊರು. ಇಳಿಜಾರಿನಲ್ಲಿ ಕಸ ನಿಲ್ಲುವುದಿಲ್ಲ, ನೀರಿನ ರಭಸ ಹಾಗಿದೆ. ನಿಲ್ಲುವುದು ಮೂರೇ ಕಡೆ. ಇಳಿಜಾರು ಮುಗಿದು ಸಮ ಆಗುವಲ್ಲಿ, ಚರಂಡಿ ಥಟ್ಟನೆ ತಿರುಗುವಲ್ಲಿ, ಮತ್ತೆ ನೀವು ಹೇಳಿದ ಹಾಗೆ ಪೈಪ್ ಅಡ್ಡ ಇರುವಲ್ಲಿ. ಊರಿಡೀ ಚರಂಡಿ ಗುಡಿಸಲು ಹೊರಟರೆ ಎರಡನೇ ಭಾನುವಾರಕ್ಕೆ ಯಾರೂ ಬರುವುದಿಲ್ಲ. ಒಂದು ಸಲ ಮಳೆಯಲ್ಲೇ ಕೊಡೆ ಹಿಡಿದು ಬೀದಿಯಲ್ಲಿ ನಡೆಯಿರಿ. ನೀರು ಎಲ್ಲೆಲ್ಲಿ ಮೇಲೆ ಉಕ್ಕುತ್ತದೆ ಗುರುತು ಮಾಡಿ. ಅಲ್ಲಿ ಮಾತ್ರ ಕೆಲಸ ಮಾಡಿ.

ಇನ್ನೊಂದು, ಇದು ನನ್ನ ಕಸುಬಿನವರ ತಪ್ಪು. ಮನೆ ಕಟ್ಟಲು ಬರೆ, ಅಂದರೆ ಗುಡ್ಡದ ಬದಿ, ಕಡಿದು ಮಣ್ಣನ್ನು ರಸ್ತೆಬದಿ ರಾಶಿ ಹಾಕಿ ಬಿಡುತ್ತೇವೆ. ಜಲ್ಲಿ, ಎಂ ಸ್ಯಾಂಡ್ ಕೂಡ. ಒಂದು ರಾತ್ರಿ ಮಳೆಗೆ ಅರ್ಧ ರಾಶಿ ಚರಂಡಿಯಲ್ಲಿರುತ್ತದೆ. ಪ್ಲಾಸ್ಟಿಕ್ ಒಂದೇ ಇದ್ದರೆ ನೀರು ತಳ್ಳಿಕೊಂಡು ಹೋಗಬಹುದು. ಮಣ್ಣು ಸೇರಿದರೆ ಅದು ಗಾರೆ. ಟಾರ್ಪಾಲು ಹೊದಿಸಿ, ಕೆಳಗೆ ಮರಳಿನ ಚೀಲ ಅಡ್ಡ ಇಟ್ಟರೆ ಸಾಕು. ನನ್ನ ಸೈಟುಗಳಲ್ಲಿ ಈ ವರ್ಷದಿಂದ ಮಾಡಿಸುತ್ತಿದ್ದೇನೆ. ಮೊದಲೇ ಮಾಡಿಸಬೇಕಿತ್ತು.

ಶುಕ್ರವಾರ ಸಂತೆ

ಎಲ್ಲರೂ ಕೊನೆಗೆ ಬೆರಳು ತೋರಿಸುವುದು ಅಂಗಡಿಯವರ ಕಡೆಗೇ, ಅದಕ್ಕೆ ಮೊದಲೇ ಬಂದೆ.

ಪ್ಲಾಸ್ಟಿಕ್ ಕೈಚೀಲ ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಿಂದಲೇ ನಿಷೇಧ. 2022ರ ಜುಲೈ 1ರಿಂದ ದೇಶಕ್ಕೇ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಸ್ಟ್ರಾ ಎಲ್ಲ ನಿಷೇಧ. ಇದು ನಮಗೆ ಗೊತ್ತಿದೆ. ನಾನು ತರಕಾರಿ ಮಾರುವವಳು. ಕವರ್ ಇಲ್ಲ ಅಂದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಕೈ ಬೀಸಿಕೊಂಡು ಸಂತೆಗೆ ಬರುವವರು ಎಷ್ಟು ಜನ ಗೊತ್ತಾ? ನಮ್ಮಮ್ಮ ಸಂತೆಗೆ ಹೊರಟರೆ ಬಟ್ಟೆ ಚೀಲ, ಎಣ್ಣೆಗೆ ಬಾಟಲಿ, ಮೀನಿಗೆ ಬೇರೆ ಪಾತ್ರೆ ಹಿಡಿದುಕೊಂಡೇ ಹೋಗುತ್ತಿದ್ದರು.

ತಪ್ಪಿಲ್ಲ ಅಂತ ಹೇಳುತ್ತಿಲ್ಲ. ಸಂತೆ ಮುಗಿದ ಸಾಯಂಕಾಲ ನೋಡಿದರೆ ನನಗೇ ಸಂಕಟ ಆಗುತ್ತದೆ. ಕೊಳೆತ ಸೊಪ್ಪು, ಟೊಮೆಟೊ ಕಟ್ಟಿದ ಪ್ಲಾಸ್ಟಿಕ್ ದಾರ, ಕವರ್. ಗಾಡಿ ಬರುವ ಮೊದಲೇ ಮಳೆ ಬಂದರೆ ಎಲ್ಲ ಚರಂಡಿಗೆ. ನಾವು ಸಾಲಿನ ಆರು ಜನ ಮಾತಾಡಿಕೊಂಡಿದ್ದೇವೆ. ಪ್ರತಿಯೊಬ್ಬರೂ ಎರಡು ಗೋಣಿಚೀಲ, ಒಂದಕ್ಕೆ ಹಸಿ, ಒಂದಕ್ಕೆ ಒಣ. ಮಳೆ ಮೋಡ ಕಂಡರೆ ಮೊದಲು ಚೀಲದ ಬಾಯಿ ಕಟ್ಟುವುದು, ಆಮೇಲೆ ಅಂಗಡಿ ಎತ್ತುವುದು. ಸೊಪ್ಪನ್ನು ಹಂದಿ ಸಾಕುವವರು ಒಯ್ಯುತ್ತಾರೆ. ನೀವೂ ಒಂದು ಮಾಡಿ. ಚೀಲ ತನ್ನಿ. ಅಷ್ಟೇ.

ಹೋಮ್‌ಸ್ಟೇ ಅಕ್ಕ

ಸಂತೆಯ ಅಕ್ಕ ಹೇಳಿದ್ದು ಸರಿ. ಪ್ರವಾಸಿಗರ ಕಡೆಯಿಂದ ನಾನು ಹೇಳುತ್ತೇನೆ.

ಶನಿವಾರ ಭಾನುವಾರ ಬರುವ ಒಂದು ಕಾರಿನಿಂದ ಹತ್ತು ಹನ್ನೆರಡು ನೀರಿನ ಬಾಟಲಿ ಇಳಿಯುತ್ತದೆ. ಮುಚ್ಚಳ ಹಾಕಿದ ಖಾಲಿ ಬಾಟಲಿ ಒಳಗೆ ಗಾಳಿ ಇರುವುದರಿಂದ ತೇಲಿಕೊಂಡು ಎಷ್ಟು ದೂರ ಬೇಕಾದರೂ ಹೋಗುತ್ತದೆ. ಮುಚ್ಚಳ ಇಲ್ಲದ್ದು ನೀರು ತುಂಬಿ ಮುಳುಗಿ ಹೊಳೆ ತಳದಲ್ಲಿ ಕೂರುತ್ತದೆ. ಕಣ್ಣಿಗೆ ಕಾಣದಷ್ಟೇ, ಹೋಗಿರುವುದಿಲ್ಲ.

ನಾನು ಮೊದಲು ಬೋರ್ಡ್ ಹಾಕಿದೆ. ಏನೂ ಆಗಲಿಲ್ಲ. ಈಗ ಬಂದ ಕೂಡಲೇ ಕಾಫಿ ಜೊತೆ ಹೂಜಿಯಲ್ಲಿ ಕುದಿಸಿ ಆರಿಸಿದ ನೀರು ಕೊಡುತ್ತೇನೆ. ಹೊರಡುವಾಗ ಅವರದೇ ಬಾಟಲಿಗೆ ತುಂಬಿಸಿ ಕೊಡುತ್ತೇನೆ, ಕಾರಿಗೆ ಒಂದು ಕಸದ ಚೀಲವನ್ನೂ ಕೊಡುತ್ತೇನೆ. ತುಂಬಿಸಿ ತಂದು ನಮ್ಮಲ್ಲೇ ಹಾಕಿ ಅನ್ನುತ್ತೇನೆ. ಮಕ್ಕಳಿರುವ ಮನೆಯವರು ತಪ್ಪದೆ ತರುತ್ತಾರೆ.

ಅಡುಗೆ ಎಣ್ಣೆ ವಿಷಯ ಯಾರೂ ಎತ್ತಲಿಲ್ಲ. ಕರಿದ ಎಣ್ಣೆ, ಹಂದಿ ಮಾಂಸದ ಕೊಬ್ಬು ತೊಳೆದ ನೀರು ಚರಂಡಿಗೆ ಬಿಟ್ಟರೆ ನಮ್ಮ ಚಳಿಗೆ ಅದು ಮೇಣದ ಹಾಗೆ ಗಟ್ಟಿಯಾಗುತ್ತದೆ. ಕಸ ಅಂಟಿಕೊಳ್ಳುವುದು ಅದಕ್ಕೇ. ಪಾತ್ರೆಯನ್ನು ಮೊದಲು ಹಳೆ ಪೇಪರಿನಿಂದ ಒರೆಸಿ ಆಮೇಲೆ ತೊಳೆಯಿರಿ.

ನೀಲಿ ಕೈಗವಸು

ನಮ್ಮ ಅಮ್ಮ ಪೌರಕಾರ್ಮಿಕರು. ಯಾವ ಊರು ಅಂತ ಹೇಳುವುದಿಲ್ಲ. ಇಲ್ಲಿ ಎಲ್ಲರೂ ಒಳ್ಳೆ ಮನಸ್ಸಿನಿಂದ ಬರೆಯುತ್ತಿದ್ದೀರಿ, ಅದಕ್ಕೇ ಬರೆಯುವ ಧೈರ್ಯ ಬಂತು.

ನೀವು ಒಂದು ದಿನ ದೋಟಿಯಿಂದ ಎಳೆದ ಡೈಪರನ್ನು ಅಮ್ಮ ದಿನಾ ಎಳೆಯುತ್ತಾರೆ. ಹೋದ ವರ್ಷ ಕವರ್ ಒಳಗೆ ಒಡೆದ ಟ್ಯೂಬ್‌ಲೈಟ್ ಇತ್ತು. ಹೊರಗಿಂದ ಗೊತ್ತಾಗಲಿಲ್ಲ. ಅಂಗೈಯಲ್ಲಿ ನಾಲ್ಕು ಹೊಲಿಗೆ ಬಿತ್ತು. ಆ ಕೈಯಲ್ಲಿ ಒಂದು ತಿಂಗಳು ಅನ್ನ ಕಲಸಲು ಆಗಲಿಲ್ಲ. ಗಾಜು, ಬ್ಲೇಡು ಇದ್ದರೆ ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಕೊಡಿ. ಡೈಪರ್, ಪ್ಯಾಡ್ ಕೂಡ ಹಾಗೇ. 2016ರ ಘನತ್ಯಾಜ್ಯ ನಿಯಮದಲ್ಲಿ ಹಸಿ, ಒಣ, ಮನೆಯ ಅಪಾಯಕಾರಿ ಕಸ ಅಂತ ಮೂರು ಬೇರೆ ಮಾಡಬೇಕು ಅಂತ ಬರೆದದ್ದು ಇಂಥ ಕೈಗಳಿಗಾಗಿಯೂ ಹೌದು.

ಎರಡನೆಯದು. ಕೆಲವು ಮನೆಯವರು ಶೌಚಾಲಯದ ಪೈಪನ್ನೇ ಮಳೆ ಚರಂಡಿಗೆ ಬಿಟ್ಟಿದ್ದಾರೆ. ಕಲ್ಲುಚಪ್ಪಡಿ ಮುಚ್ಚಿದ್ದರಿಂದ ಯಾರಿಗೂ ಕಾಣುವುದಿಲ್ಲ. ತೆಗೆದವರಿಗೆ ಕಾಣುತ್ತದೆ. ಒಳಚರಂಡಿಗೆ, ಶೌಚಾಲಯದ ಪಿಟ್‌ಗೆ ರಕ್ಷಣೆ ಇಲ್ಲದೆ ಮನುಷ್ಯರನ್ನು ಇಳಿಸಬಾರದು ಅಂತ 2013ರ ಕಾನೂನು ಇದೆ. ಆದರೆ ಇದು ಮಳೆ ಚರಂಡಿ ಅಲ್ವಾ ಅಂತ ಇಳಿಸುತ್ತಾರೆ, ಒಳಗೆ ಇರುವುದು ಮಾತ್ರ ಅದೇ.

ಮೂರನೆಯದು. ಸ್ವಯಂಸೇವಕರು ಬಂದು ಹೂಳು ಎತ್ತಿ ಚರಂಡಿ ಪಕ್ಕದಲ್ಲೇ ರಾಶಿ ಹಾಕಿ, ಫೋಟೋ ತೆಗೆದು ಹೋಗುತ್ತಾರೆ. ರಾತ್ರಿ ಮಳೆಗೆ ಅದೇ ರಾಶಿ ವಾಪಸ್ ಒಳಗೆ. ಸೋಮವಾರ ಅಮ್ಮ ಅದನ್ನೇ ಮತ್ತೆ ಎತ್ತುತ್ತಾರೆ. ಗಾಡಿ ಸಿಕ್ಕುವುದು ಖಾತ್ರಿ ಆದ ಮೇಲೆ ಮಾತ್ರ ಹೂಳಿಗೆ ಕೈ ಹಾಕಿ.

ಹೊಳೆದಂಡೆಯವಳು

ತಮ್ಮಾ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಕೆಂಪು ಗುರುತಿನ ವಿಷಯ ಇವತ್ತೇ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದೆ.

ಇಳಿಜಾರಿನ ಮನೆ

ನಿಜ ಹೇಳಬೇಕು ಅಂದರೆ ನಾನೂ ರಾಶಿ ಹಾಕಿಯೇ ಬಂದಿದ್ದೆ, ಅವತ್ತು ಮಂಗಳವಾರ. ಈಗ ಹೋಗಿ ನೋಡಿದೆ, ಅರ್ಧ ಇಲ್ಲ. ಉಳಿದದ್ದನ್ನು ಚೀಲಕ್ಕೆ ತುಂಬಿದೆ. ಯೋಜನೆ ಬದಲಾಯಿಸುತ್ತೇನೆ. ಮೊದಲು ಟ್ರ್ಯಾಕ್ಟರ್, ಆಮೇಲೆ ಗುದ್ದಲಿ. ಮುಚ್ಚಿದ ಚಪ್ಪಡಿ ಕೆಳಗೆ ನಾವು ಯಾರೂ ಇಳಿಯುವುದಿಲ್ಲ. ತೆರೆದ ಚರಂಡಿ, ಮೋರಿ ಬಾಯಿ ಮಾತ್ರ. ಗಮ್ ಬೂಟು, ದಪ್ಪ ಕೈಗವಸು ಇಲ್ಲದವರು ಚೀಲ ಹಿಡಿಯಲಿ ಸಾಕು. ಕೈಕಾಲಿನಲ್ಲಿ ಗಾಯ ಇದ್ದವರು ದೂರ ಇರಿ, ಇಲಿ ಜ್ವರ ಬರುವುದು ಇಂಥ ನೀರಿನಿಂದಲೇ. ಕೆಲಸ ಮಾಡಿ ನಾಲ್ಕು ದಿನ, ಹತ್ತು ದಿನ ಆದ ಮೇಲೆ ಜ್ವರ, ಮೈಕೈ ನೋವು ಬಂದರೆ ಚರಂಡಿ ನೀರು ಮುಟ್ಟಿದ್ದೆ ಅಂತ ಡಾಕ್ಟರಿಗೆ ಹೇಳಿ.

ಬೆಂಗಳೂರಲ್ಲಿರುವ ಕೊಡಗಿನವ

ಊರು ಬಿಟ್ಟು ಹನ್ನೆರಡು ವರ್ಷ ಆಯಿತು. ನಾನು ದಿನಾ ಕುಡಿಯುವುದು ತೊರೆಕಾಡನಹಳ್ಳಿಯಿಂದ 100 ಕಿ.ಮೀ.ಯಷ್ಟು ದೂರ ಪಂಪ್ ಮಾಡಿದ ಕಾವೇರಿ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾದ ಮೇಲೆ ನಮ್ಮ ಕಡೆಗೂ ಬಂತು. ನಲ್ಲಿ ತಿರುಗಿಸುವಾಗ ಊರಿನ ಹೊಳೆ ನೆನಪಾಗುತ್ತದೆ. ಟ್ರ್ಯಾಕ್ಟರ್ ಬಾಡಿಗೆ ನನ್ನದು, ದಯವಿಟ್ಟು ಬೇಡ ಅನ್ನಬೇಡಿ.

ಒಂದು ಯೋಚನೆ. ಪಶ್ಚಿಮ ಆಸ್ಟ್ರೇಲಿಯಾದ ಕ್ವಿನಾನಾ ಎಂಬ ಊರಿನವರು 2018ರಲ್ಲಿ ಮಳೆ ಚರಂಡಿ ಪೈಪಿನ ಬಾಯಿಗೆ ದೊಡ್ಡ ಬಲೆ ಕಟ್ಟಿದರು. ಎರಡು ಬಲೆಗೆ ಕೆಲವೇ ತಿಂಗಳಲ್ಲಿ 370 ಕಿಲೋ ಕಸ ಸಿಕ್ಕಿತ್ತು. ನಮ್ಮಲ್ಲಿ ತೋಡು ಹೊಳೆ ಸೇರುವ ಕಡೆ ಹಾಗೆ ಕಟ್ಟಬಹುದಾ?

ಸೈಟ್ ಕೆಲಸದವ

ಒಳ್ಳೆಯ ಯೋಚನೆ, ಆದರೆ ಹಾಗೇ ತಂದು ಕಟ್ಟಲು ಆಗುವುದಿಲ್ಲ. ನಮ್ಮ ಮಳೆಗೆ ಕಸಕ್ಕಿಂತ ಎಲೆ, ಕಡ್ಡಿ, ಸಿಲ್ವರ್ ಓಕ್ ಸೊಪ್ಪು ಜಾಸ್ತಿ. ಜುಲೈಯಲ್ಲಿ ಬಲೆ ಒಂದೇ ರಾತ್ರಿಗೆ ತುಂಬುತ್ತದೆ. ತುಂಬಿದ ಬಲೆ ಅಂದರೆ ಗೋಡೆ. ಹಿಂದಿನ ಮನೆಗಳಿಗೆ ನೀರು ಹೋದರೆ ಯಾರು ಹೊಣೆ?

ನಾನಾದರೆ ಕಬ್ಬಿಣದ ಸರಳಿನ ಜಾಲರಿ ಮಾಡುತ್ತೇನೆ. ಸರಳು ಸರಳಿನ ನಡುವೆ 2 ಇಂಚು ಸಂದು. ನೆಟ್ಟಗೆ ನಿಲ್ಲಿಸದೆ ಹರಿವಿನ ಕಡೆಗೆ ಓರೆಯಾಗಿ ಮಲಗಿಸಬೇಕು. ಆಗ ನೀರು ಕಸವನ್ನು ಮೇಲಕ್ಕೆ ತಳ್ಳುತ್ತದೆ, ಕೆಳಗಿನಿಂದ ನೀರು ಹೋಗುತ್ತಿರುತ್ತದೆ. ಜಾಲರಿ ಮೇಲೆ ಒಂದು ಅಡಿ ಖಾಲಿ ಬಿಡಬೇಕು, ಮಳೆ ಮೀರಿದರೆ ನೀರು ಮೇಲಿಂದ ದಾಟಿ ಹೋಗಲಿ. ಇದು ಬಾಟಲಿ, ದೊಡ್ಡ ಕವರ್ ಹಿಡಿಯುತ್ತದೆ. ಸ್ಯಾಷೆ, ಸಿಗರೇಟ್ ತುಂಡು ತಪ್ಪಿಸಿಕೊಳ್ಳುತ್ತದೆ. ಸಿಗರೇಟಿನ ಫಿಲ್ಟರ್ ಹತ್ತಿ ಅಲ್ಲ, ಅದೂ ಒಂದು ಪ್ಲಾಸ್ಟಿಕ್. ಅದನ್ನು ಬೀದಿಯಲ್ಲೇ ಹೆಕ್ಕಬೇಕು.

ಎರಡು ಷರತ್ತು. ಚರಂಡಿ ಯಾರದ್ದೋ ಅವರಿಂದ ಬರಹದಲ್ಲಿ ಒಪ್ಪಿಗೆ. ಮತ್ತೆ ಪ್ರತಿ ಮಳೆ ಆದಮೇಲೆ ಜಾಲರಿ ತೆಗೆದು ಒದರಲು ಹೆಸರಿಟ್ಟು ಇಬ್ಬರು. ಆ ಇಬ್ಬರು ಸಿಗದಿದ್ದರೆ ಜಾಲರಿ ಬೇಡವೇ ಬೇಡ.

ತೋಟದ ದಾರಿ, ಸಿದ್ದಾಪುರ ಹತ್ತಿರ

ಪೇಟೆಯವರು ಬರೆದದ್ದೆಲ್ಲ ಓದಿದೆ. ಪೇಟೆಯಲ್ಲಿ ಚರಂಡಿಗೆ ಬೀಳುವುದು ತಿಳಿಯದೆ. ನಮ್ಮ ತೋಟದ ರಸ್ತೆಯಲ್ಲಿ ತಿಳಿದೇ ಎಸೆಯುತ್ತಾರೆ. ತಿರುವಿನಲ್ಲಿ ಕಾರು ನಿಧಾನ ಮಾಡಿ ಚೀಲವನ್ನೇ ಕೊಲ್ಲಿಗೆ, ಅಂದರೆ ಕೆಳಗಿನ ಸಣ್ಣ ತೊರೆಗೆ, ಬಿಡುತ್ತಾರೆ. ಕೋಳಿ ಅಂಗಡಿಯ ಪುಕ್ಕ, ಕರುಳು ಕೂಡ. ಕೊಲ್ಲಿಯ ನೀರನ್ನು ಕೆಳಗೆ ಲೈನ್ ಮನೆಯ ತೋಟದ ಕೆಲಸಗಾರರು ಬಟ್ಟೆ ತೊಳೆಯಲು ಬಳಸುತ್ತಾರೆ.

ನಮ್ಮದೂ ತಪ್ಪಿದೆ. ಕಾಫಿ ಹಣ್ಣು ಪಲ್ಪಿಂಗ್ ಮಾಡಿದ, ಅಂದರೆ ಸಿಪ್ಪೆ ಬಿಡಿಸಿ ತೊಳೆದ, ನೀರನ್ನು ತೋಡಿಗೆ ಬಿಡುವವರು ಇನ್ನೂ ಇದ್ದಾರೆ. ಆ ನೀರಿನ ಸಿಹಿ ಅಂಶ ಕೊಳೆಯುವಾಗ ಹೊಳೆಯ ಆಮ್ಲಜನಕ ಎಲ್ಲ ಖಾಲಿಯಾಗುತ್ತದೆ, ಮೀನು ಬಾಯಿ ಬಿಡುತ್ತಾ ಮೇಲೆ ಬರುತ್ತದೆ. ಅದೂ ಜನವರಿ, ಫೆಬ್ರವರಿಯಲ್ಲಿ, ಹೊಳೆಯಲ್ಲಿ ನೀರೇ ಕಡಿಮೆ ಇರುವಾಗ. ನಮ್ಮ ಕಾವೇರಿಯ ದೊಡ್ಡ ಮಹಶೀರ್ ಮೀನಿಗೆ 2018ರಲ್ಲಿ ಅದರದೇ ವೈಜ್ಞಾನಿಕ ಹೆಸರು ಸಿಕ್ಕಿತು. ಅದೇ ಹೊತ್ತಿಗೆ ಅದು ಅಳಿವಿನ ಅಂಚಿನಲ್ಲಿದೆ ಅಂತಲೂ ಪಟ್ಟಿಗೆ ಸೇರಿತು. ನಮ್ಮಜ್ಜ ಆ ಮೀನಿಗೆ ಅಕ್ಕಿ ಹಾಕುತ್ತಿದ್ದರು. ಇದನ್ನು ಬೇರೆಯಾಗಿ ಚರ್ಚೆ ಮಾಡೋಣ, ನಾನೇ ಶುರು ಮಾಡುತ್ತೇನೆ.

ಟೀಚರ್, ವಿರಾಜಪೇಟೆ

ಶಾಲೆ ಶುರುವಾದ ಮೇಲೆ ಮಕ್ಕಳನ್ನು ಕಳಿಸುತ್ತೀರಾ ಅಂತ ಇಬ್ಬರು ಕೇಳಿದರು. ಚರಂಡಿಗೆ ಮಕ್ಕಳನ್ನು ಇಳಿಸುವುದಿಲ್ಲ. ಆದರೆ ಅವರ ಕಣ್ಣು ಚುರುಕು. ತಮ್ಮ ಮನೆಯಿಂದ ಶಾಲೆಯ ತನಕ ಎಷ್ಟು ಮೋರಿ, ಯಾವುದು ಕಟ್ಟಿದೆ, ಆ ನೀರು ಕೊನೆಗೆ ಯಾವ ಹೊಳೆಗೆ ಹೋಗುತ್ತದೆ ಅಂತ ನಕ್ಷೆ ಬರೆಸುತ್ತೇನೆ. ಹೋದ ಸಲ ಏಳನೇ ಕ್ಲಾಸಿನ ಹುಡುಗಿ ನಕ್ಷೆಯನ್ನು ಸಮುದ್ರದ ತನಕ ಎಳೆದಿದ್ದಳು. ಕಾವೇರಿ ಸಮುದ್ರ ಸೇರುವ ಪೂಂಪುಹಾರ್ ಅಂತ ಬರೆದು ಪಕ್ಕದಲ್ಲಿ ಒಂದು ಮೀನು.

ಇಳಿಜಾರಿನ ಮನೆ

ಭಾನುವಾರದ ವರದಿ.

ಹದಿನಾಲ್ಕು ಜನ ಬಂದರು. ಟ್ರ್ಯಾಕ್ಟರ್ 7 ಗಂಟೆಗೇ ಬಂತು. ಐದು ಜಾಗ ಗುರುತು ಮಾಡಿದ್ದೆವು, ಮೂರು ಮಾತ್ರ ಮುಗಿಯಿತು. ನಮ್ಮ ಮೋರಿ ಒಂದರಲ್ಲೇ ಹನ್ನೊಂದು ಚೀಲ. ಒಣ ಪ್ಲಾಸ್ಟಿಕ್ ನಾಲ್ಕು ಚೀಲ, ಉಳಿದದ್ದು ಮಣ್ಣಿನಲ್ಲಿ ಬೆರೆತು ಬಿಡಿಸಲಾಗದ್ದು. ಹೂಳು ಎಲ್ಲ ಅದೇ ದಿನ ಹೋಯಿತು. ಒಬ್ಬರು ಕಸಕ್ಕೆ ಬೆಂಕಿ ಹಾಕೋಣ ಅಂದರು. ಬೇಡ ಅಂತ ತಡೆದೆವು, ಪ್ಲಾಸ್ಟಿಕ್ ಹೊಗೆ ಅಜ್ಜಿಯ ಮನೆಗೇ ಹೋಗುತ್ತಿತ್ತು.

ಅಡ್ಡ ಪೈಪಿನ ಬಗ್ಗೆ ಅರ್ಜಿ ಕೊಟ್ಟಿದ್ದೇವೆ. ಫೋಟೋ, ಅಳತೆ ಜೊತೆಗೆ ಬೀದಿಯ 23 ಮನೆಯವರ ಸಹಿ ಇದೆ. ಸ್ವೀಕೃತಿ ತಗೊಂಡು ಬಂದಿದ್ದೇನೆ.

ಮಧ್ಯಾಹ್ನ ಅಜ್ಜಿ ಎಲ್ಲರಿಗೂ ಕಡುಬು, ಬೆಲ್ಲದ ಕಾಫಿ ಕೊಟ್ಟರು. ಆ ದಿನ ಒದ್ದೆಯಾದ ಅಕ್ಕಿಯನ್ನು ತೊಳೆದು ಒಣಗಿಸಿ ಕೋಳಿಗೆ ಇಟ್ಟಿದ್ದಾರಂತೆ.

ನೀಲಿ ಕೈಗವಸು

ಅಮ್ಮನಿಗೆ ಓದಿ ಹೇಳಿದೆ. ಹೂಳು ಅದೇ ದಿನ ಹೋಯಿತು ಅನ್ನುವುದನ್ನು ಎರಡು ಸಲ ಓದಿಸಿದರು.

ಶುಕ್ರವಾರ ಸಂತೆ

ಆರು ಜನ ಈಗ ಒಂಬತ್ತು ಆದೆವು.

ಸೈಟ್ ಕೆಲಸದವ

ಜಾಲರಿಗೆ ಅಳತೆ ಬೇಕು. ಮೋರಿ ಬಾಯಿಯ ಅಗಲ, ಎತ್ತರ, ಚರಂಡಿಯ ಆಳ ಮೂರನ್ನೂ ಟೇಪ್ ಹಿಡಿದು ಕಳಿಸಿ, ಅಂದಾಜು ಬೇಡ. ಹಳೆ ಸರಳು ನನ್ನ ಶೆಡ್ಡಿನಲ್ಲಿದೆ, ವೆಲ್ಡಿಂಗ್ ಖರ್ಚು ಮಾತ್ರ. ಒದರುವ ಇಬ್ಬರು ಯಾರು?

ಇಳಿಜಾರಿನ ಮನೆ

ಒಬ್ಬ ನಾನು. ಇನ್ನೊಬ್ಬರು ಅಜ್ಜಿಯ ಮೊಮ್ಮಗ, ಎರಡನೇ ಪಿಯುಸಿ. ಮಳೆ ನಿಂತ ಮೇಲೆ, ಹಗಲಲ್ಲಿ ಮಾತ್ರ ಅಂತ ಅಜ್ಜಿಗೆ ಮಾತು ಕೊಟ್ಟಿದ್ದಾನೆ. ಅಳತೆ ನಾಳೆ ಬೆಳಗ್ಗೆ ಕಳಿಸುತ್ತೇನೆ. ಈಗ ಮತ್ತೆ ಗುಡುಗುತ್ತಿದೆ, ಕೊಡೆ ಹಿಡಿದು ಹೊರಟೆ. ಉಳಿದ ಎರಡು ಜಾಗದಲ್ಲಿ ನೀರು ಹೇಗೆ ಹೋಗುತ್ತದೆ ನೋಡಿಕೊಂಡು ಬರುತ್ತೇನೆ.